ಕೋವಿ ಬದಲಿಸುವ ಮೊದಲು ನಳಿಗೆ ನೋಡಿ

ಕೈಲ್‌ಪೊಳ್ದ್ ಎಂಬ ಕೊಡಗಿನ ಆಯುಧ ಪೂಜೆಯ ಹಬ್ಬ ಮುಗಿದ ಮಾರನೇ ದಿನ ಬೆಳಗ್ಗೆ ದೊಡ್ಡಪ್ಪನ ಮಗ, ವರಸೆಯಲ್ಲಿ ನನಗೆ ತಮ್ಮ, ಕೋವಿ ಹೆಗಲಿಗೇರಿಸಿಕೊಂಡು ನಮ್ಮ ಮನೆಗೆ ಬಂದ. ಮುಖ ಸಪ್ಪಗಿತ್ತು. ಹಿಂದಿನ ದಿನ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿತ್ತು. ಅವನ ಒಂದು ಗುಂಡೂ ಕಾಯಿಗೆ ತಾಗಿರಲಿಲ್ಲ. "ಅಣ್ಣಾ, ಇದರ ಕಾಲ ಮುಗೀತು. ಯಾರಿಗಾದ್ರೂ ಕೊಟ್ಟು ಬೇರೆ ತಗೊಳ್ತೀನಿ" ಅಂದ. ಅದಕ್ಕೇನಾಗಿದೆ ಎಂದು ಕೇಳಿದೆ. "ಗುರಿ ಇಟ್ಟ ಕಡೆ ಹೋಗಲ್ಲ" ಅಂದ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ.

ಕೊಡಗಿನಲ್ಲಿ ಇದು ಪ್ರತಿ ಸೆಪ್ಟೆಂಬರ್‌ನಲ್ಲಿ ಕಿವಿಗೆ ಬೀಳುವ ಮಾತು. ನಮ್ಮ ಮನೆಗಳಲ್ಲಿರುವ ಹಳೆ ರೈಫಲ್‌ಗಳಲ್ಲಿ ಬಹಳಷ್ಟು ಅಜ್ಜಂದಿರು ಬೇಟೆಗೆಂದು ತಂದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ನನ್ನ ಮಟ್ಟಿಗೆ ಅದು ನಿಲ್ಲಬೇಕಾದದ್ದೇ. ಆದರೆ ಕೋವಿ ಮನೆಯಲ್ಲಿ ಉಳಿಯಿತು. ಕೈಲ್‌ಪೊಳ್ದ್‌ನಲ್ಲಿ ತೋಕ್ ಪೂವ್, ಅಂದರೆ ಕೋವಿ ಹೂ, ಇಟ್ಟು ಪೂಜೆ ಮಾಡುತ್ತೇವೆ. ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತೇವೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಅಂದರೆ ಬೇಟೆಯ ಕೋವಿ ಈಗ ಗುರಿಯ ಕೋವಿ. ಬೇಟೆಗಾರ ಹತ್ತಿರದಿಂದ ಹೊಡೆಯುತ್ತಿದ್ದಾಗ ಕಾಣದ ದೋಷ 50 ಮೀಟರ್ ದೂರದ ತೆಂಗಿನಕಾಯಿಯ ಮುಂದೆ ಬಯಲಾಗುತ್ತದೆ.

ದುರಸ್ತಿ ಮಾಡಿಸಬೇಕಾ, ಬದಲಿಸಬೇಕಾ? ಇದನ್ನು ತೀರ್ಮಾನಿಸಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ದೋಷ ಇರುವುದು ನಳಿಗೆಯ ಒಳಗಾ, ನಳಿಗೆಯ ಸುತ್ತಾ? ನಳಿಗೆ ಕೂರುವ ಮರ, ಸ್ಕ್ರೂ, ಗುರಿ ನೋಡುವ ಸೈಟ್, ಗುಂಡು ಮದ್ದು ತುಂಬಿದ ತೋಟಾ, ಟ್ರಿಗರ್, ಹೊಡೆಯುವವನ ಕಣ್ಣು, ಇವೆಲ್ಲ ಸುತ್ತಲಿನವು. ಇವನ್ನು ಸರಿಮಾಡಬಹುದು. ನಳಿಗೆಯ ಒಳಮೈ ಹಾಳಾಗಿದ್ದರೆ ನಮ್ಮ ದೇಶದಲ್ಲಿ ಅದಕ್ಕೆ ಸುಲಭದ ಮದ್ದಿಲ್ಲ. ಹೊರದೇಶಗಳಲ್ಲಿ ಹೊಸ ನಳಿಗೆ ತರಿಸಿ ಕೂರಿಸಿಕೊಳ್ಳುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಯ ಬಿಡಿಭಾಗವೂ ಕೋವಿಯೇ. ಅಂಗಡಿಗೆ ಹೋಗಿ ನಳಿಗೆ ಒಂದನ್ನೇ ಕೊಳ್ಳಲು ಆಗುವುದಿಲ್ಲ.

ಮೊದಲು ಅಳೆಯಬೇಕು. ಸುಮ್ನೆ ಕಾಯಿಗೆ ಹೊಡೆದು ತಾಗಿತು, ತಾಗಲಿಲ್ಲ ಅಂದರೆ ಏನೂ ತಿಳಿಯುವುದಿಲ್ಲ. ಬಿಳಿ ಹಾಳೆಯ ಮೇಲೆ ಕಪ್ಪು ಚುಕ್ಕಿ ಹಾಕಿ 50 ಮೀಟರ್ ದೂರದಲ್ಲಿ ನಿಲ್ಲಿಸಿ. ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು. ಪಾಯಿಂಟ್ 22ರ, ಅಂದರೆ ತಮ್ಮನದರಂಥ 0.22 ಇಂಚು ಬೋರಿನ ಕೋವಿಯ, ಸಣ್ಣ ಗುಂಡು ಕೂಡ ಒಂದು ಕಿಲೋಮೀಟರ್‌ಗಿಂತ ಜಾಸ್ತಿ ದೂರ ಹೋಗುತ್ತದೆ. ಕಾಫಿ ತೋಟದಲ್ಲಿ ಗಿಡದ ಮರೆಯಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ ಎಂದು ಕಾಣುವುದಿಲ್ಲ. ತೋಟದ ನಡುವೆ ಗುರಿ ಪರೀಕ್ಷೆ ಬೇಡವೇ ಬೇಡ.

ಕೋವಿಯನ್ನು ಮರಳು ಚೀಲದ ಮೇಲಿಟ್ಟು, ಕೂತು, ಒಂದೇ ಚುಕ್ಕಿಗೆ ಐದು ಗುಂಡು ಹೊಡೆಯಿರಿ. ಹೀಗೆ ಮೂರು ಹಾಳೆ. ಪ್ರತಿ ಹಾಳೆಯಲ್ಲಿ ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಅಳೆದು ಬರೆದಿಡಿ. ಮೂರೇ ಗುಂಡು ಹೊಡೆದು ಮುಗಿಸುವವರು ಬಹಳ ಜನ. ಅದು ಮೋಸ ಮಾಡುತ್ತದೆ. ಅದೇ ಕೋವಿ, ಅದೇ ತೋಟಾ ಇದ್ದರೂ ಹತ್ತು ಗುಂಡಿನ ಹರವು ಮೂರು ಗುಂಡಿನ ಹರವಿಗಿಂತ ಸರಾಸರಿ ಒಂದೂವರೆ ಪಟ್ಟು ದೊಡ್ಡದಾಗಿರುತ್ತದೆ. ಇದು ಕೋವಿಯ ಗುಣವಲ್ಲ, ಲೆಕ್ಕದ ಗುಣ. ಮೂರು ಗುಂಡು ಅದೃಷ್ಟಕ್ಕೆ ಒಂದೇ ಕಡೆ ಬಿದ್ದಾಗ ತೆಗೆದ ಫೋಟೋ ತೋರಿಸಿ ಕೋವಿ ಮಾರುವವರೂ ಇದ್ದಾರೆ, ನೆನಪಿರಲಿ.

ಈಗ ಹಾಳೆಯನ್ನು ಓದಬೇಕು. ಐದೂ ತೂತು ಒತ್ತೊತ್ತಾಗಿವೆ, ಆದರೆ ಚುಕ್ಕಿಯಿಂದ ಒಂದು ಗೇಣು ಆಚೆ ಇವೆ. ಹಾಗಿದ್ದರೆ ಖುಷಿಪಡಿ. ಕೋವಿ ಚೆನ್ನಾಗಿದೆ, ಸೈಟ್ ಸರಿಸಿದರೆ ಸಾಕು. ತೂತುಗಳು ಚುಕ್ಕಿಯ ಸುತ್ತ ಎಲ್ಲ ಕಡೆ ಚೆಲ್ಲಿವೆ. ಆಗ ಸೈಟ್ ತಿರುಗಿಸಿ ಏನೂ ಪ್ರಯೋಜನವಿಲ್ಲ. ನನ್ನ ತಮ್ಮ ಮೈದಾನದಲ್ಲಿ ಅದನ್ನೇ ಮಾಡಿದ್ದ. ಒಂದು ಗುಂಡು ಎಡಕ್ಕೆ ಹೋದರೆ ಸೈಟ್ ಬಲಕ್ಕೆ, ಮುಂದಿನದು ಬಲಕ್ಕೆ ಹೋದರೆ ಮತ್ತೆ ಎಡಕ್ಕೆ. ಚೆಲ್ಲುವ ಕೋವಿಯ ಹಿಂದೆ ಹೀಗೆ ಓಡಿದರೆ ಇನ್ನಷ್ಟು ಚೆಲ್ಲುತ್ತದೆ.

ಎಷ್ಟು ಚೆಲ್ಲಿದರೆ ಜಾಸ್ತಿ? ಸಿಪ್ಪೆ ಸುಲಿದ ತೆಂಗಿನಕಾಯಿ ಅಡ್ಡಕ್ಕೆ ಸುಮಾರು 10 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಕೋವಿ 3 ಸೆಂಟಿಮೀಟರ್ ಒಳಗೆ ಗುಂಡುಗಳನ್ನು ಕೂಡಿಸಿದರೆ, ನಿಮ್ಮ ಗುರಿ ಮೂರೂವರೆ ಸೆಂಟಿಮೀಟರ್ ಅತ್ತಿತ್ತ ಆದರೂ ಕಾಯಿ ಒಡೆಯುತ್ತದೆ. 8 ಸೆಂಟಿಮೀಟರ್ ಚೆಲ್ಲುವ ಕೋವಿಯಾದರೆ ನಿಮಗೆ ಸಿಗುವ ಸಲಿಗೆ ಒಂದೇ ಸೆಂಟಿಮೀಟರ್. ನಿಂತು ಹೊಡೆಯುವಾಗ ಅಷ್ಟು ಗಟ್ಟಿ ಕೈ ಯಾರಿಗಿದೆ? ತಮ್ಮನ ಮೂರು ಹಾಳೆಗಳು 8ರಿಂದ 9 ಸೆಂಟಿಮೀಟರ್ ತೋರಿಸಿದವು.

ಅವನ ಕೈಯದೇ ತಪ್ಪಾ ಎಂದು ನೋಡಲು ಅದೇ ಕೋವಿಯಲ್ಲಿ ಚೆನ್ನಾಗಿ ಹೊಡೆಯುವ ಇನ್ನೊಬ್ಬರಿಂದ ಒಂದು ಹಾಳೆ ಹೊಡೆಸಿದೆವು. ಅವರದ್ದೂ ಅಷ್ಟೇ ಚೆಲ್ಲಿತು. ಈ ಪರೀಕ್ಷೆಯನ್ನು ಯಾರೂ ಅವಮಾನ ಅಂದುಕೊಳ್ಳಬಾರದು. ನಲವತ್ತೈದು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಆಗುತ್ತದೆ. ತೆರೆದ ಸೈಟಿನ ಹಿಂದಿನ ಕಚ್ಚು ಮಂಜಾದರೆ ಎಷ್ಟು ಒಳ್ಳೆ ಕೋವಿಯೂ ಚೆಲ್ಲುತ್ತದೆ. ಆಗ ಖರ್ಚು ಮಾಡಬೇಕಾದದ್ದು ಕನ್ನಡಕಕ್ಕೆ, ಇಲ್ಲವೇ ಸಣ್ಣ ತೂತಿನ ಸೈಟಿಗೆ.

ಮುಂದಿನದು ತೋಟಾ. ಪಾಯಿಂಟ್ 22 ವಿಷಯದಲ್ಲಿ ಇದರಷ್ಟು ದೊಡ್ಡ ವ್ಯತ್ಯಾಸ ಮಾಡುವ, ಇದರಷ್ಟು ಅಗ್ಗದ ವಸ್ತು ಇನ್ನೊಂದಿಲ್ಲ. ಒಂದೇ ಅಳತೆಯ ತೋಟಾ ಆದರೂ ಮದ್ದಿನ ತೂಕ, ಗುಂಡಿನ ಆಕಾರ, ಅಂಚಿನ ದಪ್ಪ ಬ್ಯಾಚಿನಿಂದ ಬ್ಯಾಚಿಗೆ ಸ್ವಲ್ಪ ಬೇರೆ ಇರುತ್ತದೆ. ಮದ್ದು ಸ್ವಲ್ಪ ಹೆಚ್ಚುಕಡಿಮೆಯಾದರೆ ವೇಗ ಬೇರೆಯಾಗುತ್ತದೆ. ವೇಗ ಬೇರೆಯಾದರೆ ಗುಂಡು ಮೇಲೆ ಕೆಳಗೆ ಬೀಳುತ್ತದೆ. ಹಾಳೆಯ ಮೇಲೆ ತೂತುಗಳು ಉದ್ದುದ್ದಕ್ಕೆ ಮೇಲೆ ಕೆಳಗೆ ಸಾಲಾಗಿದ್ದರೆ ನನ್ನ ಮೊದಲ ಅನುಮಾನ ತೋಟಾದ ಮೇಲೆ. ಇನ್ನೊಂದು ವಿಷಯ ಎಂದರೆ, ಯಾವ ಕೋವಿಗೆ ಯಾವ ತೋಟಾ ಹಿಡಿಸುತ್ತದೆ ಎಂದು ಮುಂಚೆ ಹೇಳಲು ಆಗುವುದಿಲ್ಲ. ಜಾಸ್ತಿ ಬೆಲೆಯದು ನಿಮ್ಮ ನಳಿಗೆಗೆ ಹಿಡಿಸದೇ ಇರಬಹುದು.

ತಮ್ಮನ ತೋಟಾ ಡಬ್ಬಿ ತೆರೆಸಿದೆ. ಮೂರು ಬೇರೆ ಬೇರೆ ಪೆಟ್ಟಿಗೆಯ ತೋಟಾಗಳು ಒಟ್ಟಿಗೆ ಬೆರೆತಿದ್ದವು. ಕೆಲವು ಯಾವ ವರ್ಷದ್ದೋ ಅವನಿಗೇ ಗೊತ್ತಿಲ್ಲ. ಕೆಲವಕ್ಕೆ ಹಸಿರು ಕಿಲುಬು ಹಿಡಿದಿತ್ತು. ಅವನ್ನೆಲ್ಲ ಬದಿಗಿಟ್ಟು ಎರಡು ಬಗೆಯ ಹೊಸ ಪೆಟ್ಟಿಗೆ ತಂದೆವು. ತೋಟಾ ಬದಲಿಸಿದ ಕೂಡಲೇ ಅಳೆಯಬೇಡಿ. ಗುಂಡಿಗೆ ಸವರಿದ ಮೇಣ ನಳಿಗೆಯ ಒಳಗೆ ಪದರವಾಗಿ ಕೂರಬೇಕು. ಹತ್ತು ಹದಿನೈದು ಗುಂಡು ಹೊಡೆದ ಮೇಲೆ ಹಾಳೆ ಹಾಕಿ. ಒಂದು ಬಗೆಯಲ್ಲಿ 7 ಸೆಂಟಿಮೀಟರ್ ಬಂತು, ಇನ್ನೊಂದರಲ್ಲಿ 5. ಕೋವಿಗೆ ಇನ್ನೂ ಕೈಯನ್ನೇ ಹಚ್ಚಿರಲಿಲ್ಲ.

ಉಳಿದದ್ದು ಮಳೆಯ ಕೆಲಸ. ಕೊಡಗಿನವರು ಮನಸ್ಸಿಟ್ಟು ಕೇಳಬೇಕಾದ ಭಾಗ ಇದು.

ಗುಂಡು ಹಾರಿದ ಕ್ಷಣ ನಳಿಗೆ ಕಂಪಿಸುತ್ತದೆ. ಪ್ರತಿ ಸಲ ಒಂದೇ ರೀತಿ ಕಂಪಿಸಿದರೆ ಗುಂಡು ಒಂದೇ ಕಡೆ ಹೋಗುತ್ತದೆ. ನಳಿಗೆಯ ಕೆಳಗಿರುವ ಮರ ಒಂದು ಸಲ ಮುಟ್ಟಿ ಇನ್ನೊಂದು ಸಲ ಮುಟ್ಟದಿದ್ದರೆ ಕಂಪನ ಬೇರೆಯಾಗುತ್ತದೆ, ಗುಂಡು ಚೆಲ್ಲುತ್ತದೆ. ಮರ ನೀರು ಕುಡಿದರೆ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಮಳೆಗಾಲದಲ್ಲಿ ಮನೆಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲವಾ? ಹಾಗೇ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಸುರಿಯುತ್ತದೆ. ಗೋಡೆ, ಬಟ್ಟೆ, ಅಕ್ಕಿ ಎಲ್ಲಕ್ಕೂ ತೇವ. ಆ ಮೂರು ತಿಂಗಳೂ ಕೋವಿ ಮೂಲೆಯಲ್ಲಿರುತ್ತದೆ. ಸೆಪ್ಟೆಂಬರ್ ಮೊದಲ ವಾರ, ಅಂದರೆ ಮರ ಹೆಚ್ಚುಕಡಿಮೆ ಪೂರ್ತಿ ಉಬ್ಬಿರುವ ಹೊತ್ತಿಗೆ, ಅದನ್ನು ಹೊರತೆಗೆದು ಪಂದ್ಯಕ್ಕೆ ಒಯ್ಯುತ್ತೇವೆ. ಫೆಬ್ರವರಿಯ ಒಣ ಬಿಸಿಲಲ್ಲಿ ಕೂಡಿಸಿದ ಸೈಟ್ ಸೆಪ್ಟೆಂಬರ್‌ನಲ್ಲಿ ನಿಲ್ಲುತ್ತದೆ ಎಂದು ನಂಬಲು ಕಾರಣವೇ ಇಲ್ಲ.

ಪರೀಕ್ಷೆ ಸುಲಭ. ತೋಟಾ ಇಲ್ಲ ಎಂದು ಎರಡು ಸಲ ನೋಡಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದಿಡಿ. ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ಒತ್ತುತ್ತಿದೆ. ತಮ್ಮನ ಕೋವಿಯಲ್ಲಿ ಎಡಬದಿಯಲ್ಲಿ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಕಾಗದ ಹೋಗಲೇ ಇಲ್ಲ. ಕೆಳಗಿನ ಸ್ಕ್ರೂ ಮುಟ್ಟಿದರೆ ಕಾಲು ಸುತ್ತು ಸುಮ್ನೆ ತಿರುಗಿತು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಚೆಲ್ಲದೆ ಇನ್ನೇನು ಮಾಡೀತು?

ಒತ್ತುವ ಜಾಗವನ್ನು ಮರಳು ಕಾಗದದಿಂದ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಆಮೇಲೆ ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಒಂದಿದೆ. ಮರದ ಹೊರಮೈಗೆ ಪಾಲಿಷ್ ಇರುತ್ತದೆ, ನಳಿಗೆ ಕೂರುವ ಒಳಗಾಲುವೆ ಬರಿ ಮರವಾಗಿ ಉಳಿದಿರುತ್ತದೆ. ತೇವ ಒಳಗಿಳಿಯುವುದು ಅಲ್ಲಿಂದಲೇ. ಬೇಸಿಗೆಯಲ್ಲಿ, ಮರ ಒಣಗಿದಾಗ, ಒಳಗಾಲುವೆಗೂ ಅಗಸೆ ಎಣ್ಣೆಯನ್ನೋ ವಾರ್ನಿಷನ್ನೋ ಎರಡು ಮೂರು ಸಲ ಹಚ್ಚಿ ಒಣಗಿಸಿ. ಆದರೆ ಎಲ್ಲ ಕೋವಿಯಲ್ಲೂ ಮರ ಕೆತ್ತಲು ಹೋಗಬೇಡಿ. ಬ್ರಿಟಿಷ್ ಸೈನ್ಯದ ಹಳೆಯ ರೈಫಲ್ ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಮರದ ಮುಂತುದಿ ನಳಿಗೆಯನ್ನು ಮೇಲಕ್ಕೆ ಒತ್ತುವಂತೆ ಬೇಕೆಂದೇ ಮಾಡಿರುತ್ತಾರೆ. ಅದನ್ನು ಕೆತ್ತಿದರೆ ಇದ್ದ ಗುರಿಯೂ ಹೋಗುತ್ತದೆ. ಅಂಥ ಕೋವಿಯನ್ನು ತಿಳಿದವರ ಕೈಗೆ ಕೊಡಿ.

ಇನ್ನು ಚರ್ಮದ ಚೀಲ. ನೋಡಲು ಚೆಂದ, ಮಳೆಗಾಲದಲ್ಲಿ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಚರ್ಮ ತೇವ ಹಿಡಿದಿಟ್ಟುಕೊಂಡು ಕಬ್ಬಿಣಕ್ಕೆ ಕೊಡುತ್ತದೆ. ನಮ್ಮ ಅಜ್ಜ ಕೋವಿಯನ್ನು ಒಲೆಯ ಬೆಚ್ಚಗಿನ ಗೋಡೆಯ ಆಚೆ ಬದಿಯಲ್ಲಿ ತೂಗುಹಾಕುತ್ತಿದ್ದರು. ಚಿಕ್ಕವನಾಗಿದ್ದಾಗ ನನಗೆ ಅದರ ಕಾರಣ ಗೊತ್ತಿರಲಿಲ್ಲ. ಈಗ ಗೊತ್ತಾಗುತ್ತದೆ. ಬೀಗದ ಕಪಾಟಿನಲ್ಲಿ ಇಡುವವರು ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಇಟ್ಟು, ಆಗಾಗ ಬಿಸಿಮಾಡಿ ಒಣಗಿಸಿ ಮತ್ತೆ ಇಡಿ.

ಟ್ರಿಗರ್ ಬಗ್ಗೆ ಹೇಳುವುದು ಸ್ವಲ್ಪವೇ. ಗಟ್ಟಿ ಟ್ರಿಗರ್ ಎಳೆಯುವಾಗ ಕೋವಿ ಅಲುಗುತ್ತದೆ, ನಿಜ. ಆದರೆ ಅರ ಹಿಡಿದು ಮನೆಯಲ್ಲಿ ಉಜ್ಜಬೇಡಿ. ಕೋವಿ ಕೆಳಗೆ ಬಿದ್ದರೆ ತಾನಾಗಿ ಹಾರುವಂತೆ ಆಗಬಹುದು. ದೂರದರ್ಶಕ ಇದ್ದರೆ ಅದರ ಹಿಡಿಕೆಯ ಸ್ಕ್ರೂಗಳನ್ನು ನೋಡಿ. ಅವು ಸಡಿಲವಿದ್ದರೆ ಬೇರೆ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಈಗ ನಳಿಗೆ. ತೀರ್ಮಾನ ಆಗುವುದು ಇಲ್ಲಿ.

ಬೋಲ್ಟ್ ತೆಗೆದಿಟ್ಟು, ಹಿಂದಿನ ಕಡೆ ಬಿಳಿ ಕಾಗದ ಹಿಡಿದು ಅದಕ್ಕೆ ಟಾರ್ಚ್ ಬಿಡಿ. ಮುಂದಿನಿಂದ ನೋಡಿದರೆ ಒಳಗಿನ ಸುರುಳಿ ಗೆರೆಗಳು ಬೆಳ್ಳಗೆ, ಅಂಚು ಚೂಪಾಗಿ ಕಾಣಬೇಕು. ಬೂದು ಪದರ ಕಂಡರೆ ಗಾಬರಿ ಬೇಡ. ಅದು ಸೀಸವೋ ಮಸಿಯೋ ಇರಬಹುದು, ಉಜ್ಜಿದರೆ ಹೋಗುತ್ತದೆ. ಉಜ್ಜಿದ ಮೇಲೂ ಉಳಿಯುವ ಕಪ್ಪು ಕುಳಿಗಳಿದ್ದರೆ ಅದು ತುಕ್ಕು ತಿಂದ ಜಾಗ. ಹಳೆಯ ತೋಟಾಗಳಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಬಿಟ್ಟುಹೋಗುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ಬಿಸಿನೀರಿಗೆ ಕರಗುತ್ತದೆ. ಹಳಬರು ನಳಿಗೆಗೆ ಕುದಿಯುವ ನೀರು ಹೊಯ್ದು ಒರೆಸಿ ಆಮೇಲೆ ಎಣ್ಣೆ ಹಾಕುತ್ತಿದ್ದದ್ದು ಇದಕ್ಕೇ. ಹಾಗೆ ಮಾಡದ ಮನೆಗಳ ನಳಿಗೆಗಳು ಕೊಡಗಿನ ಒಂದೆರಡು ಮಳೆಗಾಲದಲ್ಲೇ ಒಳಗಿನಿಂದ ಹೋಗಿವೆ.

ನಂತರ ಬಿಗಿಯಾದ ಬಟ್ಟೆಯ ತುಂಡನ್ನು ಸಲಾಕೆಯಿಂದ ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ತಳ್ಳಿ. ಒಂದೇ ಸಮ ಬಿಗಿ ಇದ್ದರೆ ಒಳ್ಳೆಯದು. ನಡುವೆ ತಟ್ಟನೆ ಸಡಿಲವಾಗಿ ಮತ್ತೆ ಬಿಗಿಯಾದರೆ ಅಲ್ಲಿ ನಳಿಗೆ ಉಬ್ಬಿರಬಹುದು. ಹೊರಗಿನಿಂದ ಬೆರಳಾಡಿಸಿದರೆ ಬಳೆಯಂತೆ ತಾಗಬಹುದು. ಅಂಥ ಕೋವಿಯಲ್ಲಿ ಇನ್ನು ಹೊಡೆಯಬೇಡಿ. ಹೊಡೆದ ಖಾಲಿ ತೋಟಾಗಳು ಸೀಳುತ್ತಿದ್ದರೂ ಅಷ್ಟೇ, ಆ ಕೂಡಲೇ ನಿಲ್ಲಿಸಿ. ಅಲ್ಲಿ ಗುರಿಯ ಮಾತೇ ಬರುವುದಿಲ್ಲ, ಅದು ಕಣ್ಣು ಕೈಯ ಪ್ರಶ್ನೆ.

ನಳಿಗೆಯ ಬಾಯಿ ಕೊನೆಯದು. ಗುಂಡಿಗೂ ಕಬ್ಬಿಣಕ್ಕೂ ಕೊನೆಯ ಸಂಬಂಧ ಇರುವ ಜಾಗ ಅದು. ಬಾಯಿಯ ಅಂಚು ಒಂದು ಕಡೆ ಸವೆದಿದ್ದರೆ ಅಲ್ಲಿಂದ ಮದ್ದು ಉರಿದ ಅನಿಲ ಮೊದಲು ನುಗ್ಗಿ ಗುಂಡಿನ ಬಾಲವನ್ನು ಓರೆ ಮಾಡುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿಟ್ಟು ಅಂಚಿನ ಮೇಲೆ ಹೊರಕ್ಕೆ ಎಳೆಯಿರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿದರೆ ಅಲ್ಲಿ ಪೆಟ್ಟಾಗಿದೆ. ಪಾಯಿಂಟ್ 22 ನಳಿಗೆ ಗುಂಡು ಹೊಡೆದು ಸವೆಯುವುದು ಬಹಳ ಅಪರೂಪ, ಮೆತ್ತನೆಯ ಸೀಸ ಉಕ್ಕನ್ನು ಅಷ್ಟು ಬೇಗ ತಿನ್ನುವುದಿಲ್ಲ. ಅದು ಹಾಳಾಗುವುದು ತುಕ್ಕಿನಿಂದ, ಇಲ್ಲವೇ ಮುಂದಿನಿಂದ ಕಬ್ಬಿಣದ ಸಲಾಕೆ ತುರುಕಿ ಉಜ್ಜಿದ್ದರಿಂದ. ಬಾಯಿ ಮಾತ್ರ ಕೆಟ್ಟಿದ್ದರೆ ಲೇತ್‌ನಲ್ಲಿ ಹೊಸ ಅಂಚು ಕೊಡಬಹುದು. ಆದರೆ ಎಚ್ಚರ. ಅನುಮತಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಅಪರಾಧ. ದುರಸ್ತಿ ಮಾಡುವವರಿಗೂ ಲೈಸೆನ್ಸ್ ಇರಬೇಕು. ನಿಮಗೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ ಎಂದರೆ ಪಕ್ಕದ ವೆಲ್ಡಿಂಗ್ ಅಂಗಡಿಯವನಿಗೆ ಅದನ್ನು ಬಿಚ್ಚುವ ಹಕ್ಕು ಬರುವುದಿಲ್ಲ.

ತಮ್ಮನ ಕೋವಿಯ ನಳಿಗೆ ಕನ್ನಡಿಯಂತಿತ್ತು. ಮರ ಸರಿಪಡಿಸಿ, ಸ್ಕ್ರೂ ಬಿಗಿದು, ಹಿಡಿಸಿದ ತೋಟಾದಲ್ಲಿ ಹೊಡೆದಾಗ ಮೂರು ಹಾಳೆಯೂ ಮೂರೂವರೆ ಸೆಂಟಿಮೀಟರ್ ಒಳಗೆ ಬಂದವು. ಖರ್ಚಾದದ್ದು ತೋಟಾಕ್ಕೆ, ಒಂದು ಹಾಳೆ ಮರಳು ಕಾಗದಕ್ಕೆ, ಅರ್ಧ ಸೀಸೆ ಎಣ್ಣೆಗೆ.

ಅದನ್ನು ಆವತ್ತು ಮಾರಿದ್ದರೆ ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ವಿದೇಶಿ ಕೋವಿಗಳನ್ನು ಖಾಸಗಿಯಾಗಿ ತರಿಸುವುದು 1980ರ ದಶಕದಲ್ಲೇ ಹೆಚ್ಚುಕಡಿಮೆ ನಿಂತುಹೋಗಿದೆ. ಪಂದ್ಯಗಳಲ್ಲಿ ಹೆಸರು ಮಾಡಿದ ಕ್ರೀಡಾಪಟುಗಳಿಗೆ ಮಾತ್ರ ದಾರಿ ಇದೆ. ಹಾಗಾಗಿ ಅಜ್ಜ ತಂದ ಒಳ್ಳೆಯ ಚೆಕ್ ದೇಶದ ಬ್ರುನೋ ಪಾಯಿಂಟ್ 22ಗೆ ಈಗ ಲಕ್ಷಗಳ ಬೆಲೆ. ಕೈಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಲೈಸೆನ್ಸ್ ಮೇಲೆ ಕೋವಿ ಇಟ್ಟವರಿಗೆ ಇನ್ನೊಂದು ತೊಡಕಿದೆ. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಕೋವಿಗಳನ್ನು 3ರಿಂದ 2ಕ್ಕೆ ಇಳಿಸಿದೆ. ಹೊಸದು ಬೇಕಾದರೆ ಹಳೆಯದನ್ನು ಬಿಡಬೇಕಾಗಿ ಬರಬಹುದು.

ಹಾಗಂತ ಎಲ್ಲ ಹಳೆ ಕೋವಿಯನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ನಮ್ಮ ಬಾವ ಒಬ್ಬರ ಹತ್ತಿರ .315 ರೈಫಲ್ ಇದೆ. ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು ತಡೆ ಹಾಕಿದ್ದರಿಂದ ನಮ್ಮ ದೇಶದಲ್ಲಿ ಬೆಳೆದ ಬೋರ್ ಅದು. ಇಶಾಪುರದ ಸರ್ಕಾರಿ ಕಾರ್ಖಾನೆ ಲೀ-ಎನ್‌ಫೀಲ್ಡ್ ಮಾದರಿಯ ಮೇಲೆ ಮಾಡುತ್ತಾ ಬಂದಿದೆ. ಬಾವನವರ ಕೋವಿ ಚೆಲ್ಲುತ್ತಿತ್ತು. ಮೊದಲು ದೂರದರ್ಶಕ ಹಾಕಿಸಿದರು. ಆಮೇಲೆ ಹೊಸ ಮರ ಮಾಡಿಸಿದರು. ರಿಪೇರಿಯವರು ಪ್ರತಿ ಸಲ ಇನ್ನೊಂದು ಕೆಲಸ ಹೇಳಿದರು, ಬಾವ ಪ್ರತಿ ಸಲ ಹಣ ಕೊಟ್ಟರು. ನಳಿಗೆಯೊಳಗೆ ಯಾರೂ ಟಾರ್ಚ್ ಬಿಟ್ಟು ನೋಡಿರಲಿಲ್ಲ. ಕೊನೆಗೆ ನೋಡಿದಾಗ ತೋಟಾ ಕೂರುವ ಚೇಂಬರ್‌ನ ಮುಂದೆ ಒಂದು ಗೇಣು ಉದ್ದಕ್ಕೆ ಗೆರೆಗಳೇ ಇರಲಿಲ್ಲ, ಬರೀ ಕುಳಿ. ಅದಕ್ಕೆ ಹಾಕಿದ ಅಷ್ಟೂ ದುಡ್ಡು ಕೊಚ್ಚಿಹೋದ ಹಾಗೆ.

ಅವರಿಗೆ ನಾನು ಹೇಳಿದ್ದು, ಬಾವ, ಇದರಲ್ಲಿ ಇನ್ನು ಹಣ ಹಾಕಬೇಡಿ. ಪಂದ್ಯಕ್ಕೆ ಬೇರೆಯದು ನೋಡೋಣ. ಕೊಳ್ಳುವಾಗ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕಾಗದಪತ್ರ ಕೇಳಿ ತಿಳಿದುಕೊಳ್ಳೋಣ. ಆಮೇಲೆ ನಮ್ಮದೇ ಟಾರ್ಚ್, ನಮ್ಮದೇ ಹತ್ತಿಕಡ್ಡಿ, ಒಂದೇ ಬ್ಯಾಚಿನ ತೋಟಾ ಹಿಡಿದು ಡೀಲರ್ ಹತ್ತಿರ ಹೋಗೋಣ. ಅವರು ತೋರಿಸುವ ಜಾಗದಲ್ಲಿ ಐದೈದು ಗುಂಡಿನ ಮೂರು ಹಾಳೆ ಹೊಡೆಯಲು ಬಿಡದಿದ್ದರೆ ದುಡ್ಡು ಕೊಡುವುದು ಬೇಡ. ಹೊರಗಿನ ಹೊಳಪು ನೋಡಿ ಮರುಳಾಗುವುದೂ ಬೇಡ. ಹೊಸದಾಗಿ ಕಪ್ಪು ಬಣ್ಣ ಕೊಟ್ಟ ಕೋವಿಯ ಒಳಗನ್ನು ನಾನು ಎರಡು ಪಟ್ಟು ಹೊತ್ತು ನೋಡುತ್ತೇನೆ.

ಬಾವ ಒಪ್ಪಿದರು. ಆದರೆ ಹಳೆಯದನ್ನು ಕೊಡಲಿಲ್ಲ. ಅದು ಅವರ ಅಪ್ಪನ ಕೋವಿ. ಈಗ ಅದರಲ್ಲಿ ತೋಟಾ ಹಾಕುವುದಿಲ್ಲ. ಕೈಲ್‌ಪೊಳ್ದ್ ದಿನ ಒರೆಸಿ, ಎಣ್ಣೆ ಹಚ್ಚಿ, ಮನೆಯ ನಡುಕೋಣೆ ನೆಲ್ಲಕ್ಕಿಯಲ್ಲಿ ದೀಪದ ಮುಂದೆ ಇಡುತ್ತಾರೆ. ತೋಕ್ ಪೂವ್ ಮೊದಲು ಅದಕ್ಕೇ.